ಲೈಟ್ ಕಂಬ ಚೆಕಿಂಗ್: ಬುಡಕ್ಕೆ ಫುಲ್ ಮಾರ್ಕ್ಸ್, ತಲೆಗೆ ಜಸ್ಟ್ ಪಾಸ್

ಬೆಂಗಳೂರಿನ ನಮ್ಮ ಲೇಔಟ್ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲ. ಹಾಗಾಗಿ ಒಳಗಿನ ರಸ್ತೆಯ ಲೈಟ್ ಕಂಬಗಳು ಅಸೋಸಿಯೇಷನ್ ತಲೆನೋವು. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಮುಂಚೆ ಒಂದು ಖಾಸಗಿ ತಂಡ ಕರೆಸಿ ಎಲ್ಲ ಕಂಬ ಚೆಕ್ ಮಾಡಿಸಿದೆವು. ಹೆಸರು ಹಾಕುತ್ತಿಲ್ಲ, ಹೊಗಳುವುದೂ ಇದೆ, ಬೈಯುವುದೂ ಇದೆ.

ಬಂದವರು ಬಲ್ಬ್ ಕಡೆ ನೋಡದೆ ಸೀದಾ ಬುಡದ ಹತ್ತಿರ ಕುಕ್ಕರಗಾಲಲ್ಲಿ ಕೂತರು. ನನಗೆ ಇಷ್ಟ ಆಗಿದ್ದು ಇದೇ. ಕಬ್ಬಿಣದ ಕಂಬ ಮೇಲೆ ಎಷ್ಟೇ ಪಳಪಳ ಅಂದರೂ ಹಾಳಾಗುವುದು ಹೆಚ್ಚಾಗಿ ನೆಲ ಮುಟ್ಟುವ ಆ ಒಂದು ಗೇಣು ಜಾಗದಲ್ಲಿ. ಮಳೆ ನೀರು ನಿಲ್ಲುವುದು ಅಲ್ಲಿ, ಮಣ್ಣು ಕೂರುವುದು ಅಲ್ಲಿ, ನಾಯಿಗಳು ಕಾಲೆತ್ತುವುದೂ ಅಲ್ಲೇ (ನಗಬೇಡಿ, ನಾಯಿ ಉಚ್ಚೆಗೆ ಸತುವಿನ ಲೇಪವೂ ತಡೆಯುವುದಿಲ್ಲ). ಗಾಳಿ ಮೇಲೆ ತಳ್ಳಿದಾಗ ಜಾಸ್ತಿ ಒತ್ತಡ ಬೀಳುವುದೂ ಬುಡದ ಮೇಲೇ.

ಪಾರ್ಕ್ ಮೂಲೆಯ ಕಂಬಕ್ಕೆ ಹೋದ ವರ್ಷವಷ್ಟೇ ಸಿಲ್ವರ್ ಪೇಂಟ್ ಹೊಡೆಸಿದ್ದರು, ನೋಡೋಕೆ ಹೊಸದು. ಹುಡುಗ ಸಣ್ಣ ಸುತ್ತಿಗೆಯಲ್ಲಿ ಮೇಲಿನಿಂದ ಬಡಿಯುತ್ತಾ ಬಂದ. ಟಣ್ ಟಣ್ ಅನ್ನುತ್ತಿದ್ದದ್ದು ಕೆಳಗೆ ಬರುತ್ತಾ ಡಬ್ ಅಂತು. ಪೇಂಟ್ ಕೆರೆದರೆ ತುಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದು ಬಂತು. ಆಮೇಲೆ ಜೆಲ್ ಹಚ್ಚಿ, ತಗಡಿನ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಇಟ್ಟ. 3 ಮಿ.ಮೀ. ಇರಬೇಕಾದ ತಗಡು 2 ಕೂಡ ಇರಲಿಲ್ಲ. ಅದೇ ಕಂಬದ ವೈರಿಂಗ್ ಬಾಗಿಲಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು, ಅದರಿಂದ ಕಂದು ಬಣ್ಣದ ನೀರು ಇಳಿದ ಗುರುತು. ಗಾಳಿಗೆ ಅಲ್ಲಾಡಿ ಅಲ್ಲಾಡಿ ಬಿಡುವುದು ಇಂಥ ಮೂಲೆಗಳಲ್ಲೇ ಅಂತೆ. ಬಾಗಿಲು ತೆಗೆದರೆ ಅರ್ತಿಂಗ್ ಬೋಲ್ಟ್ ಕೈಗೇ ಬಂತು. ಮಕ್ಕಳು ಕೈ ಇಟ್ಟುಕೊಂಡು ಸುತ್ತುವ ಕಂಬ ರೀ ಅದು! ಅರ್ತಿಂಗ್ ಇಲ್ಲದ ಕಂಬಕ್ಕೆ ಒಳಗಿನ ವೈರ್ ತಾಗಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಇನ್ನೊಂದು ಕಡೆ ಕಂಬವನ್ನು ನೆಲಕ್ಕೆ ಬಿಗಿಯುವ ಬೇಸ್ ಪ್ಲೇಟ್ ಮೇಲೆ ಚೆಂದಕ್ಕೆ ಅಂತ ಯಾರೋ ಮೇಸ್ತ್ರಿ ಸಿಮೆಂಟ್ ಮೆತ್ತಿದ್ದ. ಒಡೆದು ನೋಡಿದರೆ ನಾಲ್ಕು ಬೋಲ್ಟ್‌ಗಳಲ್ಲಿ ಒಂದಕ್ಕೆ ನಟ್ಟೇ ಇಲ್ಲ. ಒಡೆದಿದ್ದು ಸರಿ, ಆದರೆ ಆ ಸಿಮೆಂಟ್ ಚೂರುಗಳನ್ನು ಅಲ್ಲೇ ಬಿಟ್ಟು ಹೋದರು. ನಮ್ಮ ವಾಚ್‌ಮನ್ ಗುಡಿಸಬೇಕಾಯಿತು.

ಈಗ ಬೈಗುಳ. ಮೇಲಿನ ಭಾಗವನ್ನು ಫೋನ್ ಕ್ಯಾಮೆರಾ ಜೂಮ್ ಮಾಡಿ ನೋಡಿದ್ದಷ್ಟೇ. ಲೈಟ್ ಹಿಡಿದಿರುವ ತೋಳು, ಅದರ ಕ್ಲಾಂಪ್, ಬೋಲ್ಟ್ ಇವನ್ನೆಲ್ಲ ಏಣಿ ಹಾಕದೆ ಹೇಗೆ ನೋಡುತ್ತಾರೆ? ಕೇಳಿದ್ದಕ್ಕೆ "ಅದು ಬೇರೆ ಚಾರ್ಜ್ ಸರ್" ಅಂದರು. ಕೊಟೇಶನ್‌ನಲ್ಲಿ ಇದರ ಸುದ್ದಿಯೇ ಇರಲಿಲ್ಲ. ರಿಪೋರ್ಟ್‌ನಲ್ಲಿ ಅರ್ಧಕ್ಕರ್ಧ ಕಂಬಗಳ ಮುಂದೆ ಬರೀ "ಓಕೆ" ಅಂತ ಇತ್ತು. ಗಲಾಟೆ ಮಾಡಿದ ಮೇಲೆ ಒಂದೊಂದರ ದಪ್ಪ, ವಾಲಿಕೆ, ಅರ್ತಿಂಗ್ ರೀಡಿಂಗ್ ಕಳಿಸಿದರು. ರಿಪೋರ್ಟ್ ಜೊತೆಗೇ ಹೊಸ ಕಂಬ ಹಾಕಿಕೊಡುವ ಕೊಟೇಶನ್ ಕೂಡ ಬಂತು. ಅದು ನನಗೆ ಸರಿ ಕಾಣಲಿಲ್ಲ. ಚೆಕ್ ಮಾಡುವವರೇ ಕಂಬ ಮಾರಿದರೆ ನಂಬುವುದು ಹೇಗೆ? ಪಾರ್ಕ್ ಕಂಬವನ್ನು ಬೇರೆಯವರಿಂದ ಬದಲಾಯಿಸಿದೆವು.

ಒಂದು ಮಾತು ಮಾತ್ರ ಅವರ ಎಂಜಿನಿಯರ್ ಚೆನ್ನಾಗಿ ಹೇಳಿದರು. ಕಟ್ಟಡ, ಕಂಬಗಳ ಮೇಲೆ ಬೀಳುವ ಭಾರ ಲೆಕ್ಕ ಹಾಕುವ ಭಾರತೀಯ ಮಾನದಂಡ ಐಎಸ್ 875 ಪ್ರಕಾರ ಬೆಂಗಳೂರಿಗೆ ಲೆಕ್ಕಕ್ಕೆ ಹಿಡಿಯಬೇಕಾದ ಗಾಳಿಯ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಕಂಬದ ಲೆಕ್ಕ ಹಾಕುವಾಗ ಅದು ತಡೆಯಬೇಕಾದದ್ದು ತನ್ನ ಮೈಗೆ, ಲೈಟಿಗೆ ಬಡಿಯುವ ಗಾಳಿ ಅಷ್ಟೇ. ನಾವು ಅದಕ್ಕೆ ರಾಜ್ಯೋತ್ಸವದ ಫ್ಲೆಕ್ಸು, ಇಂಟರ್ನೆಟ್ ಕೇಬಲ್ ಸುರುಳಿ ಎಲ್ಲ ಕಟ್ಟುತ್ತೇವೆ. ಫ್ಲೆಕ್ಸ್ ಅವತ್ತೇ ಇಳಿಸಿದೆವು. ಕೇಬಲ್‌ನವರು ಇನ್ನೂ ಫೋನ್ ಎತ್ತುತ್ತಿಲ್ಲ.

ಐದಕ್ಕೆ ಮೂರೂವರೆ ಸ್ಟಾರ್. ಹೊಸ ಕಂಬದ ಬೆಲೆ ಮುಂದೆ ಇವರ ಫೀಸು ಏನೂ ಅಲ್ಲ, ಧಾರಾಳವಾಗಿ ಕರೆಸಿ. ಏಣಿ ಹತ್ತಿ ನೋಡುವುದು, ಒಂದೊಂದು ಕಂಬದ ರೀಡಿಂಗ್ ಕೊಡುವುದು, ಒಡೆದದ್ದನ್ನು ಗುಡಿಸುವುದು, ಇಷ್ಟನ್ನೂ ಅಡ್ವಾನ್ಸ್ ಕೊಡುವ ಮುಂಚೆ ವರ್ಕ್ ಆರ್ಡರ್‌ನಲ್ಲಿ ಬರೆಸಿಕೊಳ್ಳಿ.