ಗೋಲ್ಡ್‌ಫಿಶ್ ಟ್ಯಾಂಕನ್ನು ಒಂದೇ ಭಾನುವಾರದಲ್ಲಿ ಗಿಡದ ಟ್ಯಾಂಕ್ ಮಾಡಲು ಹೋಗಬೇಡಿ

ಬೆಳಿಗ್ಗೆ ಗೋಲ್ಡ್‌ಫಿಶ್‌ಗಳು ಬಕೆಟ್‌ಗೆ ಹೋದವು. ಮಧ್ಯಾಹ್ನದೊಳಗೆ ಟ್ಯಾಂಕ್ ತಿಕ್ಕಿ ತೊಳೆದು ಮಣ್ಣು, ಕಲ್ಲು, ಗಿಡ ಜೋಡಿಸಿದ್ದಾಯಿತು. ಸಂಜೆಗೆ ಹನ್ನೆರಡು ನಿಯಾನ್ ಟೆಟ್ರಾ, ಆರು ಗಪ್ಪಿ ಬಂದವು. ಕಲಬುರಗಿಯ ಒಂದು ಮನೆಯಲ್ಲಿ ಮಾರ್ಚ್ ಕೊನೆಗೆ ಹೀಗೆ ಬದಲಾದ ಎರಡಡಿ ಟ್ಯಾಂಕಿನಲ್ಲಿ ಒಂಬತ್ತನೇ ದಿನ ಉಳಿದದ್ದು ಮೂರು ಗಪ್ಪಿ ಮತ್ತು ಕೊಳೆತ ಗಿಡದ ಲೋಳೆ. ಬಕೆಟ್‌ನಲ್ಲಿದ್ದ ಎರಡು ಗೋಲ್ಡ್‌ಫಿಶ್‌ಗಳಲ್ಲೂ ಒಂದು ಹೋಯಿತು. ಅಂಗಡಿಯಲ್ಲಿ ಕೇಳಿದಾಗ ಸಿಕ್ಕ ಸಲಹೆ: ‘ಏನೂ ಆಗಂಗಿಲ್ರಿ, ಈ ಬಾಟ್ಲಿ ಎರಡು ಮುಚ್ಚಳ ಹಾಕಿ ಇವತ್ತೇ ಬಿಡ್ರಿ.’

ಟ್ಯಾಂಕಿನ ಅಳತೆ 24 ಇಂಚು ಉದ್ದ, 12 ಅಗಲ, 15 ಎತ್ತರ. ಲೆಕ್ಕಕ್ಕೆ 70 ಲೀಟರ್. ಮಣ್ಣು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನೀರು ಸುಮಾರು 55 ಲೀಟರ್. ಮೂರನೇ ದಿನ ಟೆಟ್ರಾಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಗಾಳಿ ಸಾಲದು ಎಂದು ಏರ್ ಪಂಪ್ ಜೋರು ಮಾಡಿದರು. ನಾಲ್ಕನೇ ದಿನ ಮೂರು ಸತ್ತವು. ಯಾರೋ ಹೇಳಿದರೆಂದು ಒಂದು ಹಿಡಿ ಕಲ್ಲುಪ್ಪು ಬಿತ್ತು. ಮರುದಿನ ಕಬೊಂಬಾ ಗಿಡದ ಎಲೆ ಉದುರಿ ಫಿಲ್ಟರ್ ಬಾಯಿಗೆ ಮೆತ್ತಿಕೊಂಡಿತು. ಆರನೇ ದಿನ ಮೊದಲ ಬಾರಿಗೆ ನೀರು ಪರೀಕ್ಷೆ ಮಾಡಿದಾಗ ಅಮೋನಿಯಾ 4 ಪಿಪಿಎಂ (ಲೀಟರಿಗೆ 4 ಮಿಲಿಗ್ರಾಂ), ನೈಟ್ರೈಟ್ ಸೊನ್ನೆ, ಪಿಎಚ್ 8.2, ಶಾಖ 31 ಡಿಗ್ರಿ.

ಈ ನಾಲ್ಕು ಅಂಕಿ ಕೂಡಿಸಿ ಓದಿದರೆ ಮೀನು ಯಾಕೆ ಸತ್ತವು ಎಂಬುದು ಗೊತ್ತಾಗುತ್ತದೆ. ಮೀನಿನ ಹೊಲಸು, ಕೊಳೆತ ವಸ್ತುವಿನಿಂದ ಬರುವುದು ಅಮೋನಿಯಾ; ಕಿಟ್ ತೋರಿಸುವುದು ಅದರ ಒಟ್ಟು ಅಳತೆ. ಅದರಲ್ಲಿ ಹೆಚ್ಚಿನ ಪಾಲು ಅಷ್ಟಾಗಿ ಕಾಡದ ಅಮೋನಿಯಂ. ಕಿವಿರು ಸುಡುವುದು ಉಳಿದ ಪಾಲು. ಪಿಎಚ್ 7, ಶಾಖ 25 ಡಿಗ್ರಿ ಇದ್ದರೆ ಆ ವಿಷದ ಪಾಲು ನೂರಕ್ಕೆ ಸುಮಾರು 0.6 ಮಾತ್ರ. ಪಿಎಚ್ 8.2, ಶಾಖ 31 ಆದರೆ ಅದೇ ಪಾಲು ನೂರಕ್ಕೆ 12. ಅಂದರೆ ಅದೇ ಕೊಳೆ, ಅದೇ ಮೀನು, ಇಪ್ಪತ್ತು ಪಟ್ಟು ವಿಷ. ನಮ್ಮ ಭಾಗದ ಬೋರ್ ನೀರು ಗಡಸು, ಪಿಎಚ್ ಮೇಲೆ, ಬೇಸಿಗೆಯ ಶಾಖವೂ ಮೇಲೆ. ತಂಪು ಊರಿನವರ ವಿಡಿಯೊ ನೋಡಿ ‘ಅವರಿಗೆ ಆಯ್ತಲ್ಲ’ ಎನ್ನುವವರು ಮೊದಲು ಈ ಲೆಕ್ಕ ಮಾಡಿಕೊಳ್ಳಿ. ನೈಟ್ರೈಟ್ ಸೊನ್ನೆ ಎಂದರೆ ನೀರು ಚೆನ್ನಾಗಿದೆ ಎಂದಲ್ಲ; ಅಮೋನಿಯಾ ತಿಂದು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಕೆಲಸವನ್ನೇ ಶುರು ಮಾಡಿಲ್ಲ ಎಂದು.

ಆ ಬ್ಯಾಕ್ಟೀರಿಯಾ ಮೊದಲು ಇದ್ದವು. ನಾಲ್ಕು ವರ್ಷ ಓಡಿದ ಟ್ಯಾಂಕಿನಲ್ಲಿ ಉಳಿಸಿಕೊಳ್ಳಬೇಕಾಗಿದ್ದದ್ದು ಅವು ಮನೆ ಮಾಡಿಕೊಂಡಿದ್ದ ಫಿಲ್ಟರಿನ ಆ ಕಪ್ಪಗಾದ ಸ್ಪಂಜು. ಅದನ್ನು ನಳ ಬಂದ ಹೊತ್ತಿನಲ್ಲಿ, ಬ್ಲೀಚಿಂಗ್ ವಾಸನೆ ಹೊಡೆಯುವ ನೀರಿನಡಿ ಬೆಳ್ಳಗಾಗುವ ತನಕ ಹಿಂಡಿದರು. ಬಣ್ಣದ ಕಲ್ಲು, ಅದರಡಿಯ ಅಂಡರ್‌ಗ್ರಾವೆಲ್ ಜಾಲರಿ ಎಲ್ಲ ತಿಪ್ಪೆಗೆ ಹೋಯಿತು. ಜಾಲರಿ ತೆಗೆಯಬೇಕಾದ್ದೇ, ಗಿಡದ ಬೇರು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಮೀನು ಒಳಗಿರುವಾಗ ಎತ್ತಬೇಡಿ. ಅಡಿಯ ಕಪ್ಪು ರಾಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಇರುತ್ತದೆ.

ಇನ್ನೊಂದು ಬಲೆ ಹಳೇ ನೀರಿನಲ್ಲೇ ಇರುತ್ತದೆ. ವರ್ಷಗಟ್ಟಲೆ ಸರಿಯಾಗಿ ನೀರು ಬದಲಿಸದ ಗೋಲ್ಡ್‌ಫಿಶ್ ಟ್ಯಾಂಕಿನಲ್ಲಿ ಪಿಎಚ್ ನಿಧಾನವಾಗಿ ಇಳಿದು, ಅಮೋನಿಯಂ ಕೂಡಿಕೊಂಡಿರುತ್ತದೆ. ಹಳೇ ಮೀನು ಅದಕ್ಕೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ಅರ್ಧ ಟ್ಯಾಂಕ್ ಬೋರ್ ನೀರು ಸುರಿದರೆ ಪಿಎಚ್ ಏರಿ, ಆ ಅಮೋನಿಯಂ ವಿಷವಾಗಿ ತಿರುಗುತ್ತದೆ. ಹಾಗಾಗಿ ಬದಲಾವಣೆಗೆ ಎರಡು ವಾರ ಮೊದಲಿನಿಂದ ಎರಡು ದಿನಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ಬದಲಿಸುತ್ತ ಬನ್ನಿ.

ಈಗ ಕಲ್ಲಿನ ವಿಷಯ. ಕಲಬುರಗಿಯಲ್ಲಿ ಯಾರ ಹಿತ್ತಲಲ್ಲಿ ಹುಡುಕಿದರೂ ಪರಸಿ ತುಂಡು ಸಿಗುತ್ತದೆ. ಪದರು ಪದರಾಗಿ ಒಡೆಯುವ ಶಹಾಬಾದ್ ಕಲ್ಲು ನೋಡಲು ಚಂದ, ಪುಕ್ಕಟೆ. ಆದರೆ ಅದು ಸುಣ್ಣಕಲ್ಲು. ಶೌಚಾಲಯಕ್ಕೆ ಹಾಕುವ ಆಸಿಡ್ ಎರಡು ಹನಿ ಬಿಟ್ಟು ನೋಡಿ (ಹೊರಗೆ, ಕೈಗವಸು ಹಾಕಿಕೊಂಡು): ಬುರುಬುರು ನೊರೆ ಬರುತ್ತದೆ. ನೊರೆ ಬರುವ ಕಲ್ಲು, ಮರಳು ಯಾವುದೂ ಬೇಡ. ಬರೀ ಬೋರ್ ನೀರಿನ ಟ್ಯಾಂಕಿನಲ್ಲಿ ಪರಸಿಯಿಂದ ಹೆಚ್ಚೇನೂ ಬದಲಾಗದು, ಆ ನೀರಿನಲ್ಲಿ ಸುಣ್ಣ ಆಗಲೇ ತುಂಬಿದೆ. ಕೆಡುವುದು ಆರ್‌ಒ ನೀರು ಬೆರೆಸಿ, ಕಾರ್ಬನ್ ಡೈಆಕ್ಸೈಡ್ ಬಿಡುವವರ ಟ್ಯಾಂಕಿನಲ್ಲಿ. ಅಲ್ಲಿ ಕಲ್ಲು ಕರಗುತ್ತ ಹೋಗಿ, ದುಡ್ಡು ಕೊಟ್ಟು ಇಳಿಸಿದ ಗಡಸುತನ ವಾರದೊಳಗೆ ವಾಪಸು ಏರುತ್ತದೆ.

ಹೊಲದ ಎರಿ ಮಣ್ಣು ಬೇಡವೇ ಬೇಡ. ನೀರಿಗೆ ಉಬ್ಬಿ ಅಂಟಾಗುತ್ತದೆ, ಅದರಲ್ಲಿ ಸುಣ್ಣದ ಹರಳೂ ಇರುತ್ತದೆ. ಬೀದರಿನ ಕಡೆಯವರಿಗೆ ಅದೃಷ್ಟ: ಅಲ್ಲಿನ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಜಾಸ್ತಿ, ಬೇರಿಗೆ ಒಳ್ಳೆಯದು. ಗೊಬ್ಬರ, ಔಷಧ ಕಾಣದ ಜಾಗದಿಂದ ತಂದು, ಜರಡಿ ಹಿಡಿದು, ನಾಲ್ಕೈದು ಸಲ ತೊಳೆದು, ಒಂದೂವರೆ ಸೆಂಟಿಮೀಟರ್ ಪದರು ಹಾಕಿ. ಮೇಲೆ ನಾಲ್ಕು ಸೆಂಟಿಮೀಟರ್ ತೊಳೆದ ಹೊಳೆ ಮರಳು. ಆ ಮನೆಯಲ್ಲಿ ಮಣ್ಣಿನಡಿ ಎರಡು ಇಂಚು ಎರೆಹುಳು ಗೊಬ್ಬರ ಹಾಕಿದ್ದರು. ಮೀನು ಇಲ್ಲದಿದ್ದರೂ ಅದೊಂದೇ ಸಾಕಿತ್ತು ಅಮೋನಿಯಾ ಏರಿಸಲು. ಗಿಡದ ಟ್ಯಾಂಕಿಗೆಂದೇ ಚೀಲದಲ್ಲಿ ಬರುವ ದುಬಾರಿ ಮಣ್ಣು, ಆಕ್ವಾ ಸಾಯಿಲ್ ಕೂಡ ಮೊದಲ ಕೆಲವು ವಾರ ಅಮೋನಿಯಾ ಬಿಡುತ್ತದೆ, ಅಂಗಡಿಯವರು ಅದನ್ನು ಹೇಳುವುದು ಕಡಿಮೆ.

ನೀರಿಗೆ ಗಡಸುತನದ ಕಿಟ್ ತನ್ನಿ. ನೀರಿನಲ್ಲಿ ಕರಗಿದ್ದೆಲ್ಲವನ್ನು ಒಟ್ಟಾಗಿ ಅಳೆಯುವ ಟಿಡಿಎಸ್ ಮೀಟರ್ ಅಮೋನಿಯಾವನ್ನೂ ಹೇಳದು, ಸುಣ್ಣ ಎಷ್ಟು ಉಪ್ಪು ಎಷ್ಟು ಎಂದೂ ಹೇಳದು. ಬೋರ್ ನೀರಿನ ಗಡಸುತನ 400 ಪಿಪಿಎಂ ಇದೆ ಎಂದಿಟ್ಟುಕೊಳ್ಳಿ: ಒಂದು ಕೊಡ ಬೋರ್, ಮೂರು ಕೊಡ ಆರ್‌ಒ ಬೆರೆಸಿದರೆ 100ರ ಆಸುಪಾಸು ಆಗುತ್ತದೆ, ಬಹುತೇಕ ಗಿಡ, ಟೆಟ್ರಾಗಳಿಗೆ ಸಾಕು. ಆರ್‌ಒ ಯಂತ್ರದಿಂದ ಹೊರಬೀಳುವ ವೇಸ್ಟ್ ನೀರು ಬೋರ್‌ಗಿಂತ ಗಡಸು, ಅದನ್ನು ಸುರಿಯಬೇಡಿ. ಮನೆಗೆ ಹಾಕಿಸಿದ ಸಾಫ್ಟ್ನರ್ ನೀರೂ ಬೇಡ, ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ತುಂಬುತ್ತದೆ. ನಳದ ನೀರಾದರೆ ಏರ್ ಸ್ಟೋನ್ ಹಾಕಿ 24 ಗಂಟೆ ಬಿಡಿ, ಅಥವಾ 50 ಲೀಟರಿಗೆ ಅರ್ಧ ಗ್ರಾಂ ಹೈಪೋ ಹರಳು (ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್) ಕರಗಿಸಿ. ಇದಾವುದೂ ಬೇಡ ಎನ್ನುವವರು ಬೋರ್ ನೀರಿನಲ್ಲೇ ಗಪ್ಪಿ, ಮೊಲ್ಲಿ, ಪ್ಲಾಟಿ ಸಾಕಿ. ಗಡಸು ನೀರು ಅವುಗಳಿಗೆ ಹೊಂದುತ್ತದೆ. ಅಲ್ಲಿ ಕೊನೆಗೆ ಉಳಿದದ್ದು ಗಪ್ಪಿಯೇ ಎಂಬುದು ಸುಮ್ಮನೆ ಅಲ್ಲ.

ಸರಿಯಾದ ಕ್ರಮ ಶುರುವಾಗುವುದು ಟ್ಯಾಂಕ್ ಖಾಲಿ ಮಾಡುವ ಆರು ವಾರ ಮೊದಲು. ಇನ್ನೊಂದು ಹೊಸ ಸ್ಪಂಜ್ ಫಿಲ್ಟರ್ ತಂದು, ಗೋಲ್ಡ್‌ಫಿಶ್ ಇರುವಾಗಲೇ ಹಳೆಯದರ ಪಕ್ಕದಲ್ಲಿ ಓಡಿಸಿ. ಬದಲಾಯಿಸುವ ದಿನ ಒಂದು ಸ್ಪಂಜು ಗೋಲ್ಡ್‌ಫಿಶ್ ಜೊತೆ ಹೊಸ ಮನೆಗೆ ಹೋಗಲಿ, ಇನ್ನೊಂದು ಇಲ್ಲೇ ಇರಲಿ. ತೊಳೆಯಬೇಕೆನಿಸಿದರೆ ಟ್ಯಾಂಕಿನ ಹಳೇ ನೀರಿನ ಬಕೆಟ್‌ನಲ್ಲಿ ಎರಡು ಸಲ ಅದ್ದಿ ಹಿಂಡಿ, ಅಷ್ಟೇ. ಗಾಜಿನ ಬಿಳಿ ಪದರಿಗೆ ವಿನೆಗರ್ ಹಚ್ಚಿ, ಸೋಪು ತಾಗಬಾರದು. ಹಿಂದೆ ತಾಮ್ರದ ಔಷಧ ಹಾಕಿದ ಟ್ಯಾಂಕಾದರೆ ಸೀಗಡಿ ಬಿಡುವ ಆಸೆ ಬಿಡಿ.

ಗಿಡ ನೆಟ್ಟು ನೀರು ತುಂಬಿದ ಮೇಲೆ ಮೀನಿಲ್ಲದೆ ಪರೀಕ್ಷೆ. 10 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. 55 ಲೀಟರಿಗೆ ಅದರಲ್ಲಿ 35 ಮಿಲಿ ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂ ಆಗುತ್ತದೆ. ಇದು ನವಸಾಗರವೇ, ಆದರೆ ಕಲಾಯಿಯವರ ನವಸಾಗರ ತರಬೇಡಿ, ಅದರಲ್ಲಿ ಏನೇನು ಬೆರೆತಿದೆಯೋ. ಮಣ್ಣೇ ಅಮೋನಿಯಾ ಬಿಡುತ್ತಿದ್ದರೆ ಇದೂ ಬೇಕಿಲ್ಲ. ಹಾಕಿದ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ದಿನ ಟ್ಯಾಂಕ್ ಸಿದ್ಧ. ಹಳೇ ಸ್ಪಂಜು ಇದ್ದರೆ ಒಂದೆರಡು ವಾರ, ಇಲ್ಲದಿದ್ದರೆ ನಾಲ್ಕರಿಂದ ಆರು ವಾರ. ಆಗಲೂ ಮೊದಲು ಆರೇ ಮೀನು. ಎರಡು ವಾರ ಬಿಟ್ಟು ಇನ್ನಾರು. ದೂರದಿಂದ ಬಂದ ಮೀನಿನ ಚೀಲ ತೆರೆದ ಮೇಲೆ ಗಂಟೆಗಟ್ಟಲೆ ಹನಿ ನೀರು ಬಿಡುತ್ತ ಕೂರಬೇಡಿ. ಚೀಲದೊಳಗಿನ ಕಾರ್ಬನ್ ಡೈಆಕ್ಸೈಡ್ ಹಾರಿ ಪಿಎಚ್ ಏರಿ, ಅಲ್ಲೂ ಅದೇ ಅಮೋನಿಯಾ ಕಥೆ.

ಗಿಡಗಳಲ್ಲಿ ವ್ಯಾಲಿಸ್ನೇರಿಯಾ, ಜಾವಾ ಫರ್ನ್, ಅನೂಬಿಯಾಸ್, ಹೈಗ್ರೊಫಿಲಾ, ಹಾರ್ನ್‌ವರ್ಟ್ ಗಡಸು ನೀರು ತಡೆಯುತ್ತವೆ. ಜಾವಾ ಫರ್ನ್, ಅನೂಬಿಯಾಸ್‌ಗಳ ಗೆಡ್ಡೆಬೇರು ಮಣ್ಣಿನಲ್ಲಿ ಹೂತರೆ ಕೊಳೆಯುತ್ತದೆ. ಅವನ್ನು ದಾರದಿಂದ ಮರದ ತುಂಡಿಗೆ ಕಟ್ಟಿ. ಕ್ರಿಪ್ಟೊಕೊರಿನ್ ಎಲೆ ಮೊದಲ ವಾರ ಕರಗಿದರೆ ಕಿತ್ತು ಬಿಸಾಡಬೇಡಿ, ಬೇರಿನಿಂದ ಹೊಸದು ಬರುತ್ತದೆ. ಲೈಟ್ ದಿನಕ್ಕೆ ಆರೇ ಗಂಟೆ. ಕರೆಂಟ್ ಹೋಗಿ ಬಂದಾಗ ಮುಳ್ಳಿನ ಟೈಮರ್ ಹಿಂದೆ ಬಿದ್ದಿರುತ್ತದೆ, ವಾರಕ್ಕೊಮ್ಮೆ ನೋಡಿ.

ಏಪ್ರಿಲ್, ಮೇ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಜುಲೈ ನಂತರ ಮಾಡಿ. ಇರುವ ಟ್ಯಾಂಕಿಗೆ ಬೇಸಿಗೆಯಲ್ಲಿ ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬಿಟ್ಟರೆ, ನಮ್ಮ ಒಣ ಗಾಳಿಗೆ ಎರಡರಿಂದ ನಾಲ್ಕು ಡಿಗ್ರಿ ಇಳಿಯುತ್ತದೆ. ನೀರು ಬೇಗ ಆರುತ್ತದೆ. ಆ ಕೊರತೆಯನ್ನು ಆರ್‌ಒ ನೀರಿನಿಂದಲೇ ತುಂಬಿ, ಆರುವುದು ನೀರು ಮಾತ್ರ, ಸುಣ್ಣ ಒಳಗೇ ಉಳಿಯುತ್ತದೆ. ಬೀದರಿನ ಡಿಸೆಂಬರ್ ರಾತ್ರಿಗೆ 50 ವಾಟ್‌ನ ಹೀಟರ್ ಬೇಕು. ನೀರು ಬದಲಿಸುವಾಗ ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ; ಬಿಸಿ ಹೀಟರ್ ಗಾಳಿಗೆ ತೆರೆದುಕೊಂಡರೆ ಗಾಜು ಸೀಳಿ, ನೀರಿಗೆ ಕರೆಂಟ್ ಹರಿಯಬಹುದು.

ಗೋಲ್ಡ್‌ಫಿಶ್‌ಗಳನ್ನು ಟೆಟ್ರಾಗಳ ಜೊತೆ ಇಟ್ಟುಕೊಳ್ಳುವ ಯೋಚನೆ ಬೇಡ: ಅವಕ್ಕೆ 20 ಡಿಗ್ರಿ ಆಸುಪಾಸಿನ ತಂಪು ಬೇಕು, ಗಿಡ ಮೇಯುತ್ತವೆ, ಬಾಯಿಗೆ ಹಿಡಿಸಿದರೆ ಟೆಟ್ರಾವನ್ನೂ ನುಂಗುತ್ತವೆ. ಎರಡು ಮೀನಿಗೆ ನೆರಳಿನಲ್ಲಿ 200 ಲೀಟರಿನ ಸಿಮೆಂಟ್ ತೊಟ್ಟಿ ಸಾಕು; ಹೊಸ ತೊಟ್ಟಿಯಾದರೆ ಸುಣ್ಣದಂಶ ಬಿಡುವ ತನಕ, ಎರಡು ಮೂರು ವಾರ, ನೀರು ತುಂಬಿ ಚೆಲ್ಲುತ್ತಿರಿ. ಸಾಕಲು ಆಗದಿದ್ದರೆ ಸಾಕುವವರಿಗೆ ಕೊಡಿ. ಕಲಬುರಗಿಯ ಅಪ್ಪನ ಕೆರೆಗೆ ಬಿಡಬೇಡಿ, ಕತ್ತರಿಸಿದ ಗಿಡವನ್ನೂ ಗಟಾರಕ್ಕೆ ಎಸೆಯದೆ ಬಿಸಿಲಿಗೆ ಒಣಗಿಸಿ ಕುಂಡಕ್ಕೆ ಹಾಕಿ.