ಎರಡು ದಿನದ ಫಂಕ್ಷನಲ್ ಟ್ರೈನಿಂಗ್ ಕೋರ್ಸ್: 19,470 ರೂಪಾಯಿಗೆ ನನಗೆ ಸಿಕ್ಕಿದ್ದು

ದಾವಣಗೆರೆಯಲ್ಲಿ ಹೆಂಗಸರಿಗೆಂದೇ ಒಂದು ಸಣ್ಣ ಜಿಮ್ ನಡೆಸುತ್ತೇನೆ. ಸಣ್ಣದು ಅಂದರೆ ನಿಜಕ್ಕೂ ಸಣ್ಣದು. ಬಾಡಿಗೆಯ ಮೊದಲ ಮಹಡಿ, ಒಂದು ಹಾಲ್, ಒಂದಿಷ್ಟು ಡಂಬೆಲ್, ಎರಡು ಟ್ರೆಡ್‌ಮಿಲ್. ಅದರಲ್ಲಿ ಒಂದು ಕೆಟ್ಟು ಈಗ ಟವೆಲ್ ಒಣಗಿಸೋಕೆ ಬಳಕೆಯಾಗುತ್ತಿದೆ. ಬೆಳಿಗ್ಗೆ ಆರಕ್ಕೆ ಒಂದು ಬ್ಯಾಚ್. ಮಕ್ಕಳನ್ನು ಶಾಲೆಗೆ ಕಳಿಸಿ ಬರುವವರಿಗೆ ಹತ್ತೂವರೆಗೆ ಇನ್ನೊಂದು.

ಹತ್ತೂವರೆ ಬ್ಯಾಚಿನಲ್ಲಿ ಒಬ್ಬರು ಆಂಟಿ ಇದ್ದಾರೆ, 61 ವರ್ಷ. ವರಮಹಾಲಕ್ಷ್ಮಿ ಹಬ್ಬದ ದಿನ ಪೂಜೆಗೆ ನೆಲದ ಮೇಲೆ ಕೂತವರಿಗೆ ಏಳೋಕೇ ಆಗಲಿಲ್ಲವಂತೆ. ಮಗ ಒಂದು ಕಡೆ, ಸೊಸೆ ಒಂದು ಕಡೆ ಹಿಡಿದು ಎತ್ತಿದರಂತೆ. ಬಂದ ನೆಂಟರೆಲ್ಲ ನೋಡುತ್ತಿದ್ದರು. "ತೂಕ ಇಳೀದಿದ್ರೂ ಪರವಾಗಿಲ್ಲ ಕಣಮ್ಮಾ, ನೆಲದಿಂದ ನಾನೇ ಎದ್ದರೆ ಸಾಕು" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಕಲಿತಿದ್ದು ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಕಾಲು ಅನ್ನುವ ಲೆಕ್ಕ. ಅದರಲ್ಲಿ ನೆಲದಿಂದ ಏಳುವ ವಾರ ಯಾವುದು?

ಹಾಗೆ ಹುಡುಕುತ್ತಾ ಸಿಕ್ಕಿದ್ದು ಬೆಂಗಳೂರಿನಲ್ಲಿ ಶನಿವಾರ-ಭಾನುವಾರ ನಡೆಯುವ ಈ ಕೋರ್ಸ್, ದಿನದ ಬದುಕಿನ ಚಲನೆಗಳಿಗೆ ಬಲ ತುಂಬುವ ಫಂಕ್ಷನಲ್ ಟ್ರೈನಿಂಗ್. ಫೀಸು 16,500. ಮೇಲೆ ಶೇ. 18 ಜಿಎಸ್‌ಟಿ ಸೇರಿ 19,470. ಸಂಸ್ಥೆಯ ಹೆಸರು ಹೇಳುವುದಿಲ್ಲ. ಇಂಥ ವೀಕೆಂಡ್ ಕೋರ್ಸ್‌ಗಳು ಈಗ ಬೇಕಾದಷ್ಟು ಇವೆ. ಇನ್ನೊಂದಕ್ಕೆ ದುಡ್ಡು ಕಟ್ಟುವ ಮೊದಲು ಯಾರಾದರೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ಶುಕ್ರವಾರ ರಾತ್ರಿ ಬಸ್ ಹತ್ತಿದೆ. ರಾಜಾಜಿನಗರದ ಚಿಕ್ಕಮ್ಮನ ಮನೆಯಲ್ಲಿ ಸ್ನಾನ, ಎರಡು ಇಡ್ಲಿ, ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸಿ ಇಂದಿರಾನಗರ. ಒಂಬತ್ತಕ್ಕೆ ಶುರು ಅಂತ ಮೂರು ಸಲ ಮೆಸೇಜ್ ಕಳಿಸಿದ್ದರು. ಶುರುವಾಗಿದ್ದು ಹತ್ತಕ್ಕೆ ಹತ್ತು ನಿಮಿಷ ಇರುವಾಗ. ನಾವು 22 ಜನ, ಹೆಂಗಸರು ಐವರು. ಹೆಚ್ಚಿನವರು ಬೆಂಗಳೂರಿನ ಜಿಮ್‌ಗಳ ಹುಡುಗರು. ಶಿವಮೊಗ್ಗದ ಒಬ್ಬ, ಹೊಸಪೇಟೆಯ ಒಬ್ಬ, ಆಮೇಲೆ ನಾನು. ಊಟದ ಹೊತ್ತಿಗೆ ನಾವು ಮೂವರೂ ಒಂದು ಮೂಲೆ ಹಿಡಿದಿದ್ದೆವು.

ಮೊದಲ ಮೂರು ಗಂಟೆ ಎಸಿ ರೂಮಿನಲ್ಲಿ ಸ್ಲೈಡ್ ಶೋ. ಸ್ನಾಯುಗಳ ಹೆಸರು, ಬಾಣದ ಗುರುತು, ಮತ್ತೆ ಸ್ನಾಯುಗಳ ಹೆಸರು. ರಾತ್ರಿ ಬಸ್ಸಿನಲ್ಲಿ ಬಂದವಳಿಗೆ ಕಣ್ಣು ತೆರೆದಿಡುವುದೇ ಒಂದು ವ್ಯಾಯಾಮ. ಆದರೂ ಅದರಲ್ಲಿ ಒಂದು ಮಾತು ನಿದ್ದೆ ಬಿಡಿಸಿತು. ದೇಹ ಮೂರು ದಿಕ್ಕಿನಲ್ಲಿ ಚಲಿಸುತ್ತದೆ. ಮುಂದೆ-ಹಿಂದೆ, ಪಕ್ಕಕ್ಕೆ, ಮತ್ತೆ ತಿರುಗುವುದು. ನನ್ನ ಜಿಮ್ಮಿನಲ್ಲಿ ಏನೇನು ಮಾಡಿಸುತ್ತೇನೆ ಅಂತ ಅಲ್ಲೇ ಲೆಕ್ಕ ಹಾಕಿದೆ. ಟ್ರೆಡ್‌ಮಿಲ್, ಸ್ಕ್ವಾಟ್ (ಕೂತು ಏಳುವುದು), ಲಂಜ್ (ಮುಂದೆ ಹೆಜ್ಜೆ ಇಟ್ಟು ಮಂಡಿ ಬಗ್ಗಿಸುವುದು). ಎಲ್ಲವೂ ಮುಂದೆ-ಹಿಂದೆ. ಬಚ್ಚಲಲ್ಲಿ ಜಾರುವಾಗ ಯಾರು ನೇರ ಮುಂದಕ್ಕೆ ಬೀಳುತ್ತಾರೆ? ಪಕ್ಕಕ್ಕೆ ವಾಲುತ್ತಾರೆ, ತಿರುಗುವಾಗ ಕಾಲು ತಪ್ಪುತ್ತಾರೆ. ಆರು ವರ್ಷದಿಂದ ಪಕ್ಕಕ್ಕೆ ಒಂದು ಹೆಜ್ಜೆ ಹಾಕಿಸಿದವಳಲ್ಲ ನಾನು.

ಫಂಕ್ಷನಲ್ ಟ್ರೈನಿಂಗ್ ಅಂದರೆ ಇಷ್ಟೇ. ಮೆಷಿನ್ ಒಂದೊಂದೇ ಸ್ನಾಯುವನ್ನು ಕೂರಿಸಿಕೊಂಡು ದುಡಿಸುತ್ತದೆ. ದಿನದ ಬದುಕು ಹಾಗೆ ದುಡಿಸುವುದಿಲ್ಲ. ಕೂರುವುದು, ಬಗ್ಗುವುದು, ಹೆಜ್ಜೆ ಇಡುವುದು, ತಳ್ಳುವುದು, ಎಳೆಯುವುದು, ತಿರುಗುವುದು, ಹೊರುವುದು. ಈ ಚಲನೆಗಳನ್ನೇ ಅಭ್ಯಾಸ ಮಾಡಿಸಿ ಬಲ ತುಂಬುವುದು. ಇದರ ಬೇರು ಫಿಸಿಯೋಥೆರಪಿಯಲ್ಲಿದೆ. ಪೆಟ್ಟು ಬಿದ್ದವರನ್ನು ಮತ್ತೆ ತಮ್ಮ ಕೆಲಸಕ್ಕೆ ಮರಳಿಸುವ ಕ್ರಮ ಅದು. ಜಿಮ್‌ಗಳಿಗೆ ಬಂದ ಮೇಲೆ ಬಣ್ಣಬಣ್ಣದ ಸಾಮಾನು ಸೇರಿಕೊಂಡಿತು.

ಮಧ್ಯಾಹ್ನ ಎಫ್‌ಎಂಎಸ್ (ಫಂಕ್ಷನಲ್ ಮೂವ್‌ಮೆಂಟ್ ಸ್ಕ್ರೀನ್) ಅನ್ನುವ, ದೇಹದ ಚಲನೆಗೆ ಅಂಕ ಕೊಡುವ ಪರೀಕ್ಷೆ ಮಾಡಿಸಿದರು. ಗ್ರೇ ಕುಕ್ ಮತ್ತು ಲೀ ಬರ್ಟನ್ ರೂಪಿಸಿದ್ದು. ಏಳು ಚಲನೆ, ಒಂದೊಂದಕ್ಕೆ ಗರಿಷ್ಠ 3 ಅಂಕ, ಒಟ್ಟು 21. ನೋವು ಬಂದರೆ ಆ ಚಲನೆಗೆ ಸೊನ್ನೆ. ನನಗೆ 13 ಬಂತು. 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪೆಟ್ಟಾಗುವ ಸಾಧ್ಯತೆ ಜಾಸ್ತಿ ಅಂತ ಕಲಿಸುತ್ತಿದ್ದ ಸರ್ ಗಂಭೀರವಾಗಿ ಹೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಆ 14 ಬಂದದ್ದು ವೃತ್ತಿಪರ ಅಮೆರಿಕನ್ ಫುಟ್‌ಬಾಲ್ ಆಟಗಾರರ ಮೇಲೆ ನಡೆದ 2007ರ ಒಂದು ಅಧ್ಯಯನದಿಂದ. ಆಮೇಲಿನ ಅಧ್ಯಯನಗಳನ್ನೆಲ್ಲ ಸೇರಿಸಿ ನೋಡಿದವರು, ಪೆಟ್ಟನ್ನು ಮುಂಚೆಯೇ ಹೇಳುವುದಕ್ಕೆ ಈ ಅಂಕ ನಂಬುವಂಥದ್ದಲ್ಲ ಅಂದಿದ್ದಾರೆ. ನಾನು ಬರುವ ಮೊದಲು ಸ್ವಲ್ಪ ಓದಿಕೊಂಡಿದ್ದೆ. ಕೇಳಿಯೇ ಬಿಟ್ಟೆ. ಸರ್ ಒಂದು ಕ್ಷಣ ಸುಮ್ಮನಿದ್ದು, "ಮೇಡಂ, ಸಿಲಬಸ್‌ನಲ್ಲಿ ಇರೋದು ಇಷ್ಟು" ಅಂದರು. ಪಾಪ, ಅವರದ್ದೇನು ತಪ್ಪು. ಆದರೆ 19 ಸಾವಿರ ಕೊಟ್ಟವಳಿಗೆ ಸಿಲಬಸ್ ತೋರಿಸಿದರೆ ಹೊಟ್ಟೆ ತುಂಬಲ್ಲ ಅಲ್ವಾ.

ಊಟದ ವಿಷಯ ಬಂತು, ಹೇಳಿಬಿಡುತ್ತೇನೆ. ಊಟ ಸೇರಿದೆ ಅಂದಿದ್ದರು. ಕೊಟ್ಟಿದ್ದು ಒಂದು ಡಬ್ಬಿ ಬ್ರೌನ್ ರೈಸ್, ಐದು ತುಂಡು ಪನೀರ್. ಬೆಣ್ಣೆ ದೋಸೆ ಊರಿನವಳು ನಾನು. ಮುಂದಕ್ಕೆ ಹೋಗೋಣ.

ಸಂಜೆಯ ಎರಡು ಗಂಟೆಯ ಪಾಠಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹಿಪ್ ಹಿಂಜ್, ಅಂದರೆ ಸೊಂಟದ ಕೀಲಿನಿಂದ ಬಗ್ಗುವುದು. ಒಂದು ಪಿವಿಸಿ ಪೈಪನ್ನು ಬೆನ್ನಿಗೆ ಉದ್ದಕ್ಕೆ ಹಿಡಿದುಕೊಳ್ಳಬೇಕು. ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬೆನ್ನುಮೂಳೆಯ ಬುಡ, ಈ ಮೂರೂ ಕಡೆ ಪೈಪ್ ತಾಗಿರಬೇಕು. ಹಾಗೇ ಬಗ್ಗಬೇಕು. ಆರು ವರ್ಷದಿಂದ ಬೇರೆಯವರಿಗೆ ಡೆಡ್‌ಲಿಫ್ಟ್, ಅಂದರೆ ಬಗ್ಗಿ ನೆಲದಿಂದ ಭಾರ ಎತ್ತುವುದನ್ನು ಕಲಿಸುತ್ತಿದ್ದೇನೆ. ನಾನು ಬಗ್ಗಿದೆ, ಪೈಪು ಬುಡದಿಂದ ಎದ್ದು ಬಂತು. ಮತ್ತೆ ಬಗ್ಗಿದೆ, ಮತ್ತೆ ಎದ್ದಿತು. ಜೋಡಿಗಿದ್ದ ಶಿವಮೊಗ್ಗದ ಹುಡುಗ ನಗು ತಡೆದುಕೊಂಡು, "ಅಕ್ಕ, ಮಂಡಿ ಸ್ವಲ್ಪ ಮಾತ್ರ ಬಗ್ಗಿಸಿ, ಹಿಂದಕ್ಕೆ ಹೋಗಿ" ಅಂತ ಹೇಳಿಕೊಟ್ಟ. ಹತ್ತನೆಯ ಸಲಕ್ಕೆ ಬಂತು. ತೊಡೆಯ ಹಿಂಭಾಗದಲ್ಲಿ ಹಗ್ಗ ಎಳೆದ ಹಾಗೆ ಆಯಿತು. ಇಷ್ಟು ವರ್ಷ ನಾನು ಸೊಂಟ ನೋವು ಅಂತ ನರಳಿದ್ದು ಯಾಕೆ ಅಂತ ಆ ಪೈಪು ಹೇಳಿಬಿಟ್ಟಿತು. ಪೈಪಿನ ಬೆಲೆ ನೂರು ರೂಪಾಯಿಯೂ ಇರಲಿಕ್ಕಿಲ್ಲ.

ಭಾನುವಾರ ಕೆಟಲ್‌ಬೆಲ್. ಹಿಡಿ ಇರುವ ಕಬ್ಬಿಣದ ಗುಂಡು. ರಷ್ಯಾದಲ್ಲಿ ಇದನ್ನು ಪೂಡ್ ಎನ್ನುವ ಹಳೆಯ ತೂಕದ ಲೆಕ್ಕದಲ್ಲಿ ಎತ್ತುತ್ತಿದ್ದರು. ಒಂದು ಪೂಡ್ ಅಂದರೆ 16.38 ಕೆಜಿ. ಇವತ್ತಿಗೂ ಅಂಗಡಿಯಲ್ಲಿ 16, 24, 32 ಕೆಜಿಯ ಗುಂಡು ಸಿಗುವುದು ಅದಕ್ಕೇ. ನಮ್ಮ ಕಡೆ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಜೋಳದ ಚೀಲ ಎತ್ತುವವರ ಮುಂದೆ ಇದೆಲ್ಲ ಆಟಿಕೆ. ಆದರೆ ಸ್ವಿಂಗ್ ಮಾಡುವಾಗ, ಅಂದರೆ ಗುಂಡನ್ನು ಕಾಲುಗಳ ನಡುವಿಂದ ಮುಂದಕ್ಕೆ ಬೀಸುವಾಗ ಗೊತ್ತಾಗುತ್ತದೆ, ಇಲ್ಲಿ ಎತ್ತುವುದು ಕೈ ಅಲ್ಲ, ಸೊಂಟ. ಹೊಸಪೇಟೆಯ ಹುಡುಗ ಅಷ್ಟು ಜನರಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾಡಿದ. ಸರ್ ಅವನನ್ನೇ ಮುಂದೆ ನಿಲ್ಲಿಸಿ ಎಲ್ಲರಿಗೂ ತೋರಿಸಿದರು. ಅವನ ವಿಷಯ ಮತ್ತೆ ಬರುತ್ತೆ.

ಆಮೇಲೆ ಟರ್ಕಿಶ್ ಗೆಟ್-ಅಪ್. ನಾನು ಬೆಂಗಳೂರಿಗೆ ಬಂದಿದ್ದು ಇದಕ್ಕೇ ಅಂತ ಮಾಡಿದ ಮೇಲೆ ಗೊತ್ತಾಯಿತು. ಅಂಗಾತ ಮಲಗಿ ಒಂದು ಕೈಯಲ್ಲಿ ಭಾರ ಎತ್ತಿ ಹಿಡಿಯಬೇಕು. ಹಾಗೇ ಇನ್ನೊಂದು ಬದಿಗೆ ಹೊರಳಿ ಮೊಣಕೈ ಊರಬೇಕು. ಆಮೇಲೆ ಅಂಗೈ ಊರಿ ಕೂರಬೇಕು. ಸೊಂಟ ಎತ್ತಿ, ಕಾಲನ್ನು ಅಡಿಯಿಂದ ಹಿಂದಕ್ಕೆ ತಂದು ಒಂದು ಮಂಡಿ ಊರಬೇಕು. ಅಲ್ಲಿಂದ ನಿಲ್ಲಬೇಕು. ಮತ್ತೆ ಬಂದ ದಾರಿಯಲ್ಲೇ ವಾಪಸ್ ಮಲಗಬೇಕು. ಮೊದಲು ಭಾರ ಕೊಡಲಿಲ್ಲ. ಮುಷ್ಟಿಯ ಮೇಲೆ ನಮ್ಮದೇ ಒಂದು ಶೂ ಇಟ್ಟರು. ಬೀಳಿಸದೆ ಏಳಬೇಕು. 22 ಶೂಗಳು ದಬದಬ ಬಿದ್ದವು. ನನ್ನದು ಮೂಗಿನ ಮೇಲೇ ಬಿತ್ತು.

ನೆಲದ ಮೇಲೆ ಬಿದ್ದುಕೊಂಡೇ ಆಂಟಿಯ ನೆನಪಾಯಿತು. ನೆಲದಿಂದ ಏಳುವುದು ಒಂದು ಕೆಲಸ ಅಲ್ಲ, ಆರೇಳು ಕೆಲಸ. ಅವರಿಗೆ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ಅಂತ ಹುಡುಕಿದರೆ ಅಷ್ಟನ್ನೇ ಕಲಿಸಬಹುದು.

ಆ ಖುಷಿ ಮುಗಿಯುವ ಮೊದಲೇ ಬೋಸು ಬಾಲ್ ಬಂತು. ಅರ್ಧ ಚೆಂಡಿನ ಹಾಗಿರುವ ರಬ್ಬರ್ ಗುಮ್ಮಟದ ಮೇಲೆ ನಿಂತು ಡಂಬೆಲ್ ಎತ್ತಿ ಸ್ಕ್ವಾಟ್ ಮಾಡುವುದು. ಫೋಟೋ ಚೆನ್ನಾಗಿ ಬರುತ್ತದೆ, ಅವರೂ ತುಂಬಾ ತೆಗೆದರು. ಕಾಲಡಿ ಅಲುಗಾಡುತ್ತಿದ್ದರೆ ಸ್ನಾಯು ಪೂರ್ತಿ ಬಲ ಹಾಕಲಾರದು, ಎತ್ತುವ ಭಾರ ಇಳಿಯುತ್ತದೆ. ಬಲ ಬೆಳೆಸುವವರಿಗೆ ಗಟ್ಟಿ ನೆಲವೇ ಸರಿ. ಮುಕ್ಕಾಲು ಗಂಟೆ ಅದಕ್ಕೆ ಹೋಯಿತು.

ಹೃದಯ ನಿಂತವರ ಎದೆ ಒತ್ತಿ ಉಳಿಸಲು ನೋಡುವ ಸಿಪಿಆರ್‌ಗೆ ಉಳಿದಿದ್ದು ಇಪ್ಪತ್ತು ನಿಮಿಷ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಇಲ್ಲಿ. 2021ರ ಅಕ್ಟೋಬರ್ 29ರಂದು ಅಪ್ಪು ಹೋದ ಮೇಲೆ ಕರ್ನಾಟಕದ ಜಿಮ್‌ಗಳಲ್ಲಿ ಈ ಪ್ರಶ್ನೆ ಕೇಳದವರಿಲ್ಲ. ನನ್ನ ಬ್ಯಾಚಿನ ಹೆಂಗಸರ ಗಂಡಂದಿರು ಫೋನ್ ಮಾಡಿ, "ಮೇಡಂ, ಏನಾದ್ರೂ ಆದ್ರೆ ನಿಮಗೆ ಗೊತ್ತಾ?" ಅಂತ ಕೇಳಿದ್ದಾರೆ. ಇಲ್ಲಿ ಒತ್ತಿ ಕಲಿಯೋಕೆ ಒಂದು ಬೊಂಬೆಯೂ ಇರಲಿಲ್ಲ. ಒಂದು ವಿಡಿಯೋ ಹಾಕಿದರು. ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂ.ಮೀ. ಆಳಕ್ಕೆ ಎದೆ ಒತ್ತಬೇಕು. ಕಿವಿಯಲ್ಲಿ ಕೇಳಿದರೆ ಆ ಆಳ ಕೈಗೆ ಹೇಗೆ ಗೊತ್ತಾಗಬೇಕು?

ಕೊನೆಗೆ ಪರೀಕ್ಷೆ. 40 ಪ್ರಶ್ನೆ, 45 ನಿಮಿಷ, ಎಲ್ಲ ಇಂಗ್ಲಿಷ್‌ನಲ್ಲಿ. 28 ಸರಿ ಇದ್ದರೆ ಪಾಸ್. ಪ್ರಾಕ್ಟಿಕಲ್ ಒಬ್ಬೊಬ್ಬರಿಗೆ ಐದು ನಿಮಿಷ, ಅದಕ್ಕೆ ಅಂಕವೇ ಇಲ್ಲ. ಫೇಲಾಗಿದ್ದು ಇಬ್ಬರೇ. ಅದರಲ್ಲಿ ಒಬ್ಬ ಹೊಸಪೇಟೆಯ ಹುಡುಗ. ಬೆಳಿಗ್ಗೆ ಎಲ್ಲರಿಗೂ ಮಾಡಿ ತೋರಿಸಿದವನಿಗೆ ಸಂಜೆ ಪ್ರಶ್ನೆ ಅರ್ಥವಾಗಲಿಲ್ಲ. ಮತ್ತೆ ಬರೆಯೋಕೆ 2,000 ಕಟ್ಟಬೇಕು. ಬೆಂಗಳೂರಿನಲ್ಲಿ ನಡೆಸುವ ಕೋರ್ಸಿಗೆ ಕನ್ನಡದಲ್ಲಿ ಒಂದು ಪ್ರಶ್ನೆಪತ್ರಿಕೆ ಮಾಡಿಸೋಕೆ ಎಷ್ಟು ಖರ್ಚಾಗುತ್ತೆ? ನಾನು ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಇದೊಂದನ್ನೇ ಬರೆದೆ. ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋದೆ.

ಸರ್ಟಿಫಿಕೇಟ್ ಬಗ್ಗೆ ಹುಷಾರು. ಜಾಹೀರಾತಿನಲ್ಲಿ "ಅಂತರರಾಷ್ಟ್ರೀಯ ಮಾನ್ಯತೆ" ಅಂತ ಇತ್ತು. ಯಾರ ಮಾನ್ಯತೆ ಅಂತ ಕೇಳಿದರೆ ನೇರ ಉತ್ತರ ಬರಲಿಲ್ಲ. ಎಸಿಇ, ಎನ್‌ಎಎಸ್‌ಎಂನಂಥ ಅಮೆರಿಕದ ಟ್ರೈನರ್ ಪರೀಕ್ಷೆಗಳಿಗೆ ಎನ್‌ಸಿಸಿಎ ಅನ್ನುವ ಸಂಸ್ಥೆಯ ಮಾನ್ಯತೆ ಇದೆ. ಅವಕ್ಕೆ ತಿಂಗಳುಗಟ್ಟಲೆ ಓದಬೇಕು, ಸಿಪಿಆರ್ ಸರ್ಟಿಫಿಕೇಟ್ ಬೇರೆ ಬೇಕು. ಎರಡು ದಿನದ ಕೋರ್ಸು ಅದರ ಜಾಗಕ್ಕೆ ಬರುವುದಿಲ್ಲ. ಹೊಸದಾಗಿ ಟ್ರೈನರ್ ಆಗಬೇಕು ಅನ್ನುವವರು ಇದೊಂದನ್ನೇ ನಂಬಿ ದುಡ್ಡು ಹಾಕಬೇಡಿ. ಆಗಲೇ ಕೆಲಸದಲ್ಲಿದ್ದು, ಕೈ ಸ್ವಲ್ಪ ತಿದ್ದಿಕೊಳ್ಳಬೇಕು ಅನ್ನುವವರು ಹೋಗಬಹುದು. ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ಪ್ರಾಕ್ಟಿಕಲ್ ಎಷ್ಟು ಗಂಟೆ? ಸಿಪಿಆರ್ ಬೊಂಬೆ ಇದೆಯಾ? ವಯಸ್ಸಾದವರ ಬಗ್ಗೆ ಪಾಠ ಇದೆಯಾ?

ಕೊನೆಯದ್ದು ನಮ್ಮಲ್ಲಿ ಇರಲೇ ಇಲ್ಲ. ಊರಿಗೆ ಬಂದು ನಾನೇ ಓದಿಕೊಂಡೆ. ಕುರ್ಚಿಯಿಂದ ಏಳುವ ಒಂದು ಸರಳ ಪರೀಕ್ಷೆ ಇದೆ. ಎರಡೂ ಕೈ ಎದೆಗೆ ಕಟ್ಟಿಕೊಂಡು, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ ಅಂತ ಎಣಿಸುವುದು. 60ರಿಂದ 64 ವರ್ಷದ ಹೆಂಗಸರಿಗೆ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ ಅಂತ ಲೆಕ್ಕ. ಆಂಟಿಗೆ 8 ಬಂತು. ನನ್ನ ಕೋರ್ಸಿನ 200 ಸ್ಲೈಡಿಗಿಂತ ಆ ಎಂಟು ಹೆಚ್ಚು ಕೆಲಸಕ್ಕೆ ಬಂತು.

ಕೋರ್ಸಿನಲ್ಲಿ ಕಲಿತದ್ದನ್ನು ಕನ್ನಡಕ್ಕೆ ತರುವುದೇ ಇನ್ನೊಂದು ಕೆಲಸವಾಯಿತು. ಹಿಂಜ್ ಅಂದರೆ ಯಾರಿಗೂ ಅರ್ಥವಾಗಲಿಲ್ಲ. "ಎರಡೂ ಕೈಯಲ್ಲಿ ಬಿಸಿ ಪಾತ್ರೆ ಇದೆ, ಅಡುಗೆಮನೆ ಬಾಗಿಲನ್ನ ಕುಂಡಿಯಿಂದ ಹಿಂದಕ್ಕೆ ತಳ್ಳಿ" ಅಂದೆ. ಇಡೀ ಬ್ಯಾಚ್ ನಕ್ಕಿತು. ಗ್ಲೂಟ್ಸ್ ಅಂದರೆ ಯಾರಿಗೂ ನಾಚಿಕೆ ಇಲ್ಲ, ಕುಂಡಿ ಅಂದರೆ ನಗು. ಆದರೆ ಅವತ್ತೇ ಎಲ್ಲರಿಗೂ ಸರಿಯಾಗಿ ಬಂತು. ಹೊಟ್ಟೆ ಬಿಗಿ ಹಿಡಿಯಿರಿ ಅಂದರೆ ಎಲ್ಲರೂ ಉಸಿರು ಎಳೆದು ಹೊಟ್ಟೆ ಒಳಗೆ ಹಾಕುತ್ತಾರೆ. "ಒಂದು ಸಲ ಕೆಮ್ಮಿ, ಆಗ ಬಿಗಿಯಾಯ್ತಲ್ಲ, ಅದನ್ನೇ ಹಿಡೀರಿ" ಅಂದರೆ ಸರಿಹೋಗುತ್ತದೆ. ಭಾರ ಹೊತ್ತು ನಡೆಯೋಕೆ ಐದು ಲೀಟರಿನ ನೀರಿನ ಕ್ಯಾನ್ ಎರಡು. ಮಂಡಕ್ಕಿ ಚೀಲ ತರಲಾ ಅಂತ ಒಬ್ಬರು ಕೇಳಿದರು. ಆಳೆತ್ತರದ ಚೀಲ, ನೋಡೋಕೆ ಭಾರಿ, ಎತ್ತಿದರೆ ಏನೂ ಇಲ್ಲ. ಫೋಟೋಗೆ ಆಗುತ್ತೆ ಅಂದೆ.

ಸರ್ಟಿಫಿಕೇಟ್ ಮೂರು ವಾರ ಬಿಟ್ಟು ಬಂತು. ನನ್ನ ಹೆಸರಿನಲ್ಲಿ ಒಂದು ಅಕ್ಷರ ಇಲ್ಲ. ಮೇಲ್ ಮಾಡಿದ್ದೇನೆ. ಎರಡು ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ನವೀಕರಿಸಬೇಕಂತೆ, ಅದನ್ನು ಮಾತ್ರ ನಾನು ಮಾಡುವುದಿಲ್ಲ.

ಆಂಟಿಗೆ ಈಗ ಒಂಬತ್ತನೇ ವಾರ. ಕುರ್ಚಿಯ ಲೆಕ್ಕ 8ರಿಂದ 11ಕ್ಕೆ ಬಂದಿದೆ. ಮಗ್ಗುಲಾಗಿ ಮೊಣಕೈ ಊರುತ್ತಾರೆ, ಅಂಗೈ ಊರುತ್ತಾರೆ, ಮಂಡಿಗೂ ಬರುತ್ತಾರೆ. ಅಲ್ಲಿಂದ ಮೇಲಕ್ಕೆ ಏಳೋಕೆ ಇನ್ನೂ ಒಂದು ಸ್ಟೂಲ್ ಬೇಕು. ಮೊನ್ನೆ ಸ್ಟೂಲನ್ನು ಸ್ವಲ್ಪ ದೂರ ಇಟ್ಟೆ. ನನ್ನನ್ನೇ ದುರುಗುಟ್ಟಿ ನೋಡಿ, ತಾವೇ ಹತ್ತಿರ ಎಳೆದುಕೊಂಡರು.