ವೆಬ್‌ಸೈಟ್ ಮಾಡಿಸೋಕೆ ಬೆಂಗಳೂರಿನ ಏಜೆನ್ಸಿಯೋ, ಶಿವಮೊಗ್ಗದ ಹುಡುಗರೋ, ನಾವೇ ಮಾಡಿಕೊಳ್ಳೋದೋ?

ಸಾಗರದ ಕಡೆ ನಮ್ಮದು ಸಣ್ಣ ವ್ಯಾಪಾರ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ. ಭಾವನದು ತೀರ್ಥಹಳ್ಳಿ ಹತ್ತಿರ ಹೋಂಸ್ಟೇ. ನಮ್ಮ ಸೈಟನ್ನು ಮೊದಲು ಬೆಂಗಳೂರಿನ ಒಂದು ಏಜೆನ್ಸಿ ಮಾಡಿಕೊಟ್ಟಿತ್ತು, ಆಮೇಲೆ ಆನ್‌ಲೈನ್ ಅಂಗಡಿಯನ್ನು ಬಾಡಿಗೆಗೆ ಕೊಡುವ ಶಾಪಿಫೈನಲ್ಲಿ ನಾವೇ ಕಟ್ಟಿಕೊಂಡು ನೋಡಿದೆವು. ಭಾವ ಶುರುವಿನಿಂದಲೂ ಶಿವಮೊಗ್ಗದ ಇಬ್ಬರು ಹುಡುಗರ ಪುಟ್ಟ ಕಂಪನಿಗೆ ಕೊಟ್ಟಿದ್ದರು. ಈಗ ಎರಡೂ ಸೈಟ್ ಅವರ ಹತ್ತಿರವೇ ಇವೆ. ಹಾಗಂತ ಎಲ್ಲದರಲ್ಲೂ ಅವರೇ ಗೆದ್ದರು ಅಂತೇನಿಲ್ಲ.

ದುಡ್ಡಿನ ವಿಷಯ ಮೊದಲು ಮುಗಿಸೋಣ. ಬೆಂಗಳೂರಿನವರು ಕೇಳಿದ್ದು ಲಕ್ಷದ ಮೇಲೆ, ಅದಕ್ಕೆ 18% ಜಿಎಸ್‌ಟಿ ಬೇರೆ. ಶಿವಮೊಗ್ಗದವರದ್ದು ಅದರ ಮೂರನೇ ಒಂದು ಭಾಗವೂ ಆಗಲಿಲ್ಲ, ಅವರ ವರ್ಷದ ವಹಿವಾಟು 20 ಲಕ್ಷದ ಒಳಗೇ ಇರೋದರಿಂದ ಜಿಎಸ್‌ಟಿಯೂ ಇಲ್ಲ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ಆ 18% ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಡಿತವಾಗಿ, ವಾಪಸ್ ಸಿಗುತ್ತದೆ, ಅದೊಂದನ್ನೇ ನೋಡಿ ಬೆಂಗಳೂರು ದುಬಾರಿ ಅನ್ನಬೇಡಿ. ಶಾಪಿಫೈ ಮೊದಲಿಗೆ ಬಲು ಅಗ್ಗ, ತಿಂಗಳ ಬಾಡಿಗೆ ಕಟ್ಟಿದರೆ ಅಂಗಡಿ ರೆಡಿ. ಆದರೆ ಅವರದೇ ಪೇಮೆಂಟ್ ವ್ಯವಸ್ಥೆ ನಮ್ಮ ದೇಶದಲ್ಲಿ ಇಲ್ಲ. ಗ್ರಾಹಕರ ಹಣವನ್ನು ನಮಗೆ ತಲುಪಿಸುವ ರೇಜರ್‌ಪೇ ತರಹದ ಗೇಟ್‌ವೇ ಜೋಡಿಸಬೇಕು. ಅದು ಸುಮಾರು 2% ತೆಗೆದುಕೊಳ್ಳುತ್ತದೆ, ಬೇರೆಯವರ ಗೇಟ್‌ವೇ ಬಳಸಿದ್ದಕ್ಕೆ ಶಾಪಿಫೈ ಬೇಸಿಕ್ ಪ್ಲಾನಿನಲ್ಲಿ ಇನ್ನೊಂದು 2%. 500 ರೂಪಾಯಿಯ ಉಪ್ಪಿನಕಾಯಿ ಬಾಟಲಿಗೆ ಇಪ್ಪತ್ತು ರೂಪಾಯಿ ಅಲ್ಲೇ ಹೋಯ್ತು. 

ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ಕನ್ನಡದ ಪುಟಗಳಲ್ಲಿ. ಬೆಂಗಳೂರಿನವರ ಡಿಸೈನ್ ನೋಡೋಕೆ ಚಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದ ಬರಹವನ್ನೆಲ್ಲ ಚಿತ್ರವಾಗಿ ಮಾಡಿ ಅಂಟಿಸಿಬಿಟ್ಟಿದ್ದರು. ಕಾಪಿ ಮಾಡೋಕೆ ಬರೋದಿಲ್ಲ, ಹುಡುಕಿದರೆ ಸಿಗೋದಿಲ್ಲ, ಬೆಲೆ ಬದಲಾದಾಗಲೆಲ್ಲ ಹೊಸ ಚಿತ್ರ. ಅಕ್ಷರವಾಗಿಯೇ ಹಾಕಿ ಅಂತ ಪಟ್ಟು ಹಿಡಿದ ಮೇಲೆ ಹಾಕಿದರು. ಆಗ ಇನ್ನೊಂದು ತಮಾಷೆ. ಇಂಗ್ಲಿಷಿಗೆ ಅಂತ ಅಳೆದಿಟ್ಟ ಬಟನ್ನಿನಲ್ಲಿ ‘ಉಪ್ಪಿನಕಾಯಿ’ಯ ಪ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಸಾಲಿನ ಎತ್ತರ ಜಾಸ್ತಿ ಮಾಡಿ ಅಂದರೆ ಆ ಕಡೆಯವರಿಗೆ ಎಲ್ಲಿ ತಪ್ಪಾಗಿದೆ ಅಂತಲೇ ಕಾಣಲಿಲ್ಲ, ಯಾಕಂದ್ರೆ ಆ ಡಿಸೈನರ್‌ಗೆ ಕನ್ನಡ ಓದೋಕೆ ಬರುತ್ತಿರಲಿಲ್ಲ.

ಶಿವಮೊಗ್ಗದ ಹುಡುಗರಿಗೆ ಇದನ್ನು ಹೇಳಿಕೊಡಬೇಕಾಗಲಿಲ್ಲ. ಭಾವನ ಹೋಂಸ್ಟೇ ವಿವರವನ್ನು ಡಿಟಿಪಿ ಅಂಗಡಿಯಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದೆವು. ಅದನ್ನು ಹಾಗೇ ವೆಬ್ ಪುಟಕ್ಕೆ ಹಾಕಿದರೆ ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತದೆ, ಅದು ಎಲ್ಲ ಫೋನ್, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲವಲ್ಲ. ಫೈಲ್ ತೆರೆದ ತಕ್ಷಣ ‘ಅಣ್ಣ, ಇದು ನುಡಿ, ಕನ್ವರ್ಟ್ ಮಾಡ್ಕೊಳ್ತೀವಿ’ ಅಂದರು. ಕನ್ವರ್ಟ್ ಆದ ಮೇಲೆ ಅರ್ಕಾವತ್ತು ಕೆಟ್ಟಿದ್ದನ್ನೂ ಅವರೇ ಕೂತು ತಿದ್ದಿದರು. ಊರಿನ ಹೆಸರಿನ ವಿಷಯವೂ ಅಷ್ಟೇ. 2014ರ ನವೆಂಬರ್‌ನಲ್ಲಿ ಇಂಗ್ಲಿಷಿನಲ್ಲೂ ಶಿವಮೊಗ್ಗ ಆಯ್ತು, ಆದರೆ ಹೊರಗಿನವರು ಈಗಲೂ ಶಿಮೊಗ ಅಂತಲೇ ಹುಡುಕುತ್ತಾರೆ. ಇವರು ಎರಡನ್ನೂ ಸೇರಿಸಿದ್ದರು.

ಹೋಂಸ್ಟೇ ಇಟ್ಟವರು ಇನ್ನೊಂದು ನೋಡಬೇಕು, ಪುಟದ ಭಾರ. ಆಗುಂಬೆ ಘಾಟಿ ಹತ್ತಿ ಬರುತ್ತಿರುವ ಗೆಸ್ಟ್‌ಗೆ ಬೇಕಿರೋದು ಫೋನ್ ನಂಬರ್ ಮತ್ತು ದಾರಿ, ಅಷ್ಟೇ. ಸಿಗ್ನಲ್ ಒಂದು ಕಡ್ಡಿ ಇರುವ ಕಡೆ ಮಂಜು ಮುಸುಕಿದ ಬೆಟ್ಟದ ವಿಡಿಯೋ ಮೊದಲು ತೆರೆದುಕೊಳ್ಳಲಿ ಅಂದ್ರೆ ಆಗುತ್ತಾ? ಪುಟದ ಮುಖ್ಯ ಭಾಗ 2.5 ಸೆಕೆಂಡಿನ ಒಳಗೆ ಕಾಣಿಸಬೇಕು ಅಂತ ಗೂಗಲ್ ಹೇಳುತ್ತದೆ. ಗೂಗಲ್‌ನದೇ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನೋ ಪುಟದಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಪರೀಕ್ಷೆ ಮಾಡಬಹುದು. ಕಂಪನಿಯವರು ಹಿಂದೆ ಮಾಡಿಕೊಟ್ಟ ಸೈಟ್‌ಗಳ ವಿಳಾಸ ಕೇಳಿ ಅಲ್ಲಿ ಹಾಕಿ ನೋಡಿ, ಮೊಬೈಲ್ ವಿಭಾಗದ ಅಂಕ ಮಾತ್ರ ನೋಡಿ. ಇದರಲ್ಲಿ ಶಾಪಿಫೈನ ಸಾದಾ ಥೀಮ್ ನನಗೆ ಎಲ್ಲಕ್ಕಿಂತ ಮೇಲು ಅನ್ನಿಸಿತು. ಬೆಂಗಳೂರಿನವರ ಸೈಟೇ ಎಲ್ಲಕ್ಕಿಂತ ನಿಧಾನ.

ಬೆಂಗಳೂರಿನವರನ್ನು ಬಿಟ್ಟಿದ್ದು ಮಾತ್ರ ಡೊಮೈನ್, ಅಂದರೆ ಸೈಟಿನ ವಿಳಾಸದ ಕಾರಣಕ್ಕೆ. ನಮ್ಮ ವ್ಯಾಪಾರದ ಹೆಸರಿನ ಡೊಮೈನನ್ನು ಅವರು ತಮ್ಮ ಖಾತೆಯಲ್ಲೇ ತೆಗೆದಿದ್ದರು. ವರ್ಗಾಯಿಸೋಕೆ ಬೇಕಾದ ಕೋಡ್ ಕೇಳಿದರೆ ‘ಸರ್, ಟಿಕೆಟ್ ರೈಸ್ ಮಾಡಿ’, ಅಂದರೆ ಅವರ ಸೈಟಿನಲ್ಲಿ ದೂರು ದಾಖಲಿಸಿ ಅಂತ. ಮಾಡಿದೆವು. ಅದಕ್ಕೆ ಉತ್ತರ, ಆಮೇಲೆ ಮತ್ತೊಂದು ಟಿಕೆಟ್, ಹೀಗೇ ಎಳೆದರು. ಶಿವಮೊಗ್ಗದವರು ಭಾವನನ್ನು ಎದುರಿಗೆ ಕೂರಿಸಿಕೊಂಡು, ಭಾವನದೇ ಇಮೇಲ್, ಭಾವನದೇ ಕಾರ್ಡ್ ಹಾಕಿಸಿ ಡೊಮೈನ್ ತೆಗೆಸಿದ್ದರು. ಹೋಸ್ಟಿಂಗ್ (ಸೈಟ್ ಇಡೋ ಸರ್ವರ್ ಜಾಗ), ಗೂಗಲ್ ಮ್ಯಾಪ್‌ನಲ್ಲಿರುವ ಹೋಂಸ್ಟೇ ಜಾಗ, ಅದೂ ಹಾಗೇ. ಸೈಟ್ ಇರೋದು ವರ್ಡ್‌ಪ್ರೆಸ್‌ನಲ್ಲಿ, ಅದು ಸೈಟ್ ಕಟ್ಟೋಕೆ ಇರೋ ಉಚಿತ ತಂತ್ರಾಂಶ, ನಾಳೆ ಇವರು ಬೇಡ ಅಂದರೆ ಬೇರೆಯವರ ಕೈಗೆ ಕೊಡಬಹುದು. ಶಾಪಿಫೈ ಬಿಟ್ಟಾಗ ನಮಗೆ ಸರಕಿನ ಪಟ್ಟಿ, ಗ್ರಾಹಕರ ಪಟ್ಟಿ ಸಿಕ್ಕವು, ಪುಟಗಳ ವಿನ್ಯಾಸವನ್ನು ಮಾತ್ರ ಹೊಸದಾಗಿ ಮಾಡಿಸಬೇಕಾಯ್ತು.

ಇನ್ನು ಶಿವಮೊಗ್ಗದವರ ಕೊರತೆ. ಹೇಳಿದ ದಿನಕ್ಕೆ ಕೆಲಸ ಮುಗಿಯೋದಿಲ್ಲ. ಮಳೆಗಾಲದಲ್ಲಂತೂ ಕರೆಂಟ್ ಹೋಯ್ತು, ನೆಟ್ ಹೋಯ್ತು, ಮನೆಯಲ್ಲಿ ನಾಟಿ ಕೆಲಸ. ಫೋನ್ ಮಾತ್ರ ಎತ್ತುತ್ತಾರೆ. ಫೋಟೋ ಅವರಿಗೆ ಒಲಿದಿಲ್ಲ, ಬಾಟಲಿಯ ಮೇಲೆ ಟ್ಯೂಬ್‌ಲೈಟ್ ಹೊಳೆಯುವ ಫೋಟೋವನ್ನೇ ಹಾಕಿದ್ದರು, ಕೊನೆಗೆ ಬೆಂಗಳೂರಿನವರು ತೆಗೆದಿದ್ದನ್ನೇ ಉಳಿಸಿಕೊಂಡೆವು. ದುಡ್ಡು ಕೊಟ್ಟಿದ್ದೆವಲ್ಲ. ಇದಕ್ಕಿಂತ ದೊಡ್ಡ ಭಯ ಇನ್ನೊಂದು: ಇಬ್ಬರಲ್ಲಿ ಒಬ್ಬನಿಗೆ ಬೆಂಗಳೂರಲ್ಲಿ ಒಳ್ಳೆ ಕೆಲಸ ಸಿಕ್ಕಿದರೆ ಕಂಪನಿ ಅಲ್ಲಿಗೆ ಮುಗಿಯಿತು. ಅದಕ್ಕೇ ಎಲ್ಲ ಪಾಸ್‌ವರ್ಡ್ ನಮ್ಮ ಹತ್ತಿರ ಇವೆ, ತಿಂಗಳಿಗೊಮ್ಮೆ ಸೈಟಿನ ಬ್ಯಾಕಪ್ ನಮ್ಮ ಡ್ರೈವ್‌ಗೆ ಬರುವ ಹಾಗೆ ಮಾಡಿಸಿದ್ದೇವೆ.

ದಿನಕ್ಕೆ ನೂರಾರು ಆರ್ಡರ್ ಬರುತ್ತೆ, ಗೋದಾಮಿನ ಲೆಕ್ಕವೂ ಸೈಟಿಗೆ ಜೋಡಣೆ ಆಗಬೇಕು ಅನ್ನೋರು ಬೆಂಗಳೂರಿಗೇ ಹೋಗಿ, ಇಬ್ಬರು ಹುಡುಗರ ಕೈಲಿ ಅದು ಆಗೋದಿಲ್ಲ. ನಾಲ್ಕೈದು ಸರಕು ಇಟ್ಟುಕೊಂಡು ಮಾರಾಟ ಆಗುತ್ತೋ ಇಲ್ವೋ ನೋಡೋಣ ಅನ್ನೋರಿಗೆ ಶಾಪಿಫೈ ಸಾಕು, ಸುಮ್ನೆ ಯಾರಿಗೋ ಮುಂಗಡ ಕೊಟ್ಟು ಕಾಯೋದು ಬೇಡ. ಶಿವಮೊಗ್ಗದವರಿಗೆ ಕೊಡೋದಾದರೆ ವರ್ಷದ ನಿರ್ವಹಣೆಗೆ ಎಷ್ಟು, ಅದರಲ್ಲಿ ಏನೇನು ಸೇರಿದೆ ಅಂತ ಮೊದಲೇ ಬರೆಸಿಕೊಳ್ಳಿ. ನಮ್ಮ ಹತ್ತಿರ ಬೆಲೆ ಬದಲಾಯಿಸೋಕೆ ದುಡ್ಡು ತೆಗೆದುಕೊಳ್ಳೋದಿಲ್ಲ, ಹೊಸ ಪುಟಕ್ಕೆ ಮಾತ್ರ ತೆಗೆದುಕೊಳ್ಳುತ್ತಾರೆ.